ಅಂಜಮ್ಮನ ಎಪ್ಪತ್ತೆರಡು ಡಬ್ಬಗಳು

ಗಡಿ ದಾಟಿದ ಕೂಡಲೇ ಸಿಗುವ ತಮಿಳು ಸೀಮೆಯ ಮೂಕಂಡಪಲ್ಲಿಯಲ್ಲಿ ಕಾರ್ಖಾನೆಗಳ ಸಾಲು ಮುಗಿದ ಮೇಲೆ ಒಂದು ಬಡಾವಣೆಯಿದೆ. ಎಪ್ಪತ್ತೆರಡು ಮನೆ. ಮೈಸೂರು ಕಡೆಯಿಂದ ಬಂದವರು, ತುಮಕೂರು ಕಡೆಯಿಂದ ಬಂದವರು, ಇಲ್ಲೇ ತಲೆತಲಾಂತರದಿಂದ ರಾಗಿ ಬೆಳೆದುಕೊಂಡಿದ್ದು ಹೊಲ ಸೈಟಾದ ಮೇಲೆ ಬಾಡಿಗೆ ಮನೆ ಕಟ್ಟಿಸಿಕೊಂಡವರು, ಎಲ್ಲರೂ ಇದ್ದಾರೆ. ಬೆಳಗ್ಗೆ ಕಂಪನಿ ಬಸ್ಸು ಹಾರನ್ ಹೊಡೆದರೆ ಅರ್ಧ ಬಡಾವಣೆ ತಿಂಡಿ ಬಾಯಲ್ಲಿಟ್ಟುಕೊಂಡೇ ಓಡುತ್ತದೆ. ಇಷ್ಟೂ ಮನೆಗಳ ಒಳಗುಟ್ಟು ಗೊತ್ತಿರುವುದು ಒಬ್ಬಳಿಗೆ ಮಾತ್ರ. ಅವಳು ಅಂಜಮ್ಮ, ಒಣ ಕಸದ ಗಾಡಿಯವಳು.

ಮನುಷ್ಯ ದೇವರ ಮುಂದೆ ಸುಳ್ಳು ಹೇಳುತ್ತಾನೆ, ಡಾಕ್ಟರ ಮುಂದೆ ಹೇಳುತ್ತಾನೆ, ಹೆಂಡತಿಯ ಮುಂದಂತೂ ಹೇಳಿಯೇ ಹೇಳುತ್ತಾನೆ. ಕಸದ ಚೀಲದ ಮುಂದೆ ಸುಳ್ಳು ಹೇಳಬೇಕೆಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಮೊಟ್ಟೆಯನ್ನು ಕೈಯಲ್ಲೂ ಮುಟ್ಟುವುದಿಲ್ಲ ಎನ್ನುವ ಮನೆಯ ಚೀಲದಲ್ಲಿ ಮೊಟ್ಟೆಯ ಟ್ರೇ ಬರುತ್ತದೆ. ಕೂದಲು ಕಪ್ಪಗಿರುವುದು ನಮ್ಮ ವಂಶದ ಗುಣ ಎನ್ನುವವರ ಮನೆಯಿಂದ ಹದಿನೈದು ದಿನಕ್ಕೊಮ್ಮೆ ಡೈ ಪ್ಯಾಕೆಟ್ಟು ಬರುತ್ತದೆ. ಕುಡಿಯುವುದು ಬಿಟ್ಟೆ ಎಂದು ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದವನ ಕ್ವಾರ್ಟರ್ ಬಾಟಲಿ ಹಳೇ ಶೂ ಒಳಗೆ ಅಡಗಿ ಕೂತಿರುತ್ತದೆ. ಅಂಜಮ್ಮ ಶೂ ಒಂದು ಮೂಟೆಗೆ, ಬಾಟಲಿ ಇನ್ನೊಂದು ಮೂಟೆಗೆ ಹಾಕಿ ಮುಂದಿನ ಚೀಲ ಬಿಚ್ಚುತ್ತಾಳೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ.

ಅವಳ ತವರು ರಾಯಕೋಟೆಯ ಹತ್ತಿರ. ಓದು ಮೂರನೇ ಕ್ಲಾಸಿಗೇ ನಿಂತಿತು, ಅದೂ ತಮಿಳಿನಲ್ಲಿ. ಮಾತಿಗೆ ಮಾತ್ರ ಮೂರು ಭಾಷೆ: ಮನೆಯಲ್ಲಿ ಕನ್ನಡ, ಗುಜರಿಯವನ ಹತ್ತಿರ ತಮಿಳು, ಜಗಳಕ್ಕೆ ತೆಲುಗು. ಗಂಡ ನರಸಿಂಹಪ್ಪ ಒಂದು ಕಾರ್ಖಾನೆಯ ವಾಚ್‌ಮನ್. ಹನ್ನೊಂದು ವರ್ಷದ ಹಿಂದೆ ಬಡಾವಣೆಯ ಸಂಘದವರು ಒಣ ಕಸ ಬೇರೆ ಮಾಡಲು ಜನ ಬೇಕೆಂದಾಗ ಮುಂದೆ ಬಂದವಳು ಇವಳೊಬ್ಬಳೇ. ದಿನವೂ ಮೈಕಿನಲ್ಲಿ ತಮಿಳು ಹಾಡು ಹಾಕಿಕೊಂಡು ಬರುವ ಗಾಡಿ ಹಸಿ ಕಸ ಒಯ್ಯುತ್ತದೆ. ಬುಧವಾರ, ಶನಿವಾರ ಬೆಳಗ್ಗೆ ಏಳಕ್ಕೆ ಅಂಜಮ್ಮನ ಮೂರು ಚಕ್ರದ ಗಾಡಿ ಬಂದು ಗೇಟಿನ ಹೊರಗಿಟ್ಟ ಒಣ ಕಸದ ಚೀಲಗಳನ್ನು ಎತ್ತಿಕೊಂಡು ಹೋಗುತ್ತದೆ. ನೀರಿನ ಟ್ಯಾಂಕಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತು ಅವಳು ಅದನ್ನೆಲ್ಲ ಬಿಡಿಸುತ್ತಾಳೆ.

ಮೊದಮೊದಲು ಎಲ್ಲ ಒಂದೇ ಕವರಿನಲ್ಲಿ ಬರುತ್ತಿತ್ತು. ಸಾರಿನ ಮೆಣಸಿನಕಾಯಿ, ಮಗುವಿನ ಡೈಪರು, ಪೇಪರು, ಎಲ್ಲ ಸೇರಿ ಗೊಜ್ಜು. ಈ ಬಡಾವಣೆಯ ಗಂಡಸರು ಎಂಥವರೆಂದರೆ, ಕಾರ್ಖಾನೆಯಲ್ಲಿ ಎಣ್ಣೆ ಬಟ್ಟೆ ಕೆಂಪು ಡಬ್ಬಕ್ಕೆ, ಕಬ್ಬಿಣದ ಚೂರು ನೀಲಿ ಡಬ್ಬಕ್ಕೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೇರೆ ಮಾಡಿ ಬಹುಮಾನ ತೆಗೆದುಕೊಂಡವರು. ಬಹುಮಾನದ ಲೋಟ ಷೋಕೇಸಿನಲ್ಲಿದೆ, ಮನೆಯ ಕಸ ಮಾತ್ರ ಗೊಜ್ಜು. ಅಂಜಮ್ಮ ಬೈಯಲಿಲ್ಲ. ಗೇಟಿನಲ್ಲಿ ನಿಂತು ಸಣ್ಣ ದನಿಯಲ್ಲಿ, "ಕಂಪ್ನೀಲೂ ಹಿಂಗೇ ಮಾಡ್ತೀರಾ ಸಾರ್?" ಎಂದು ಕೇಳಿದಳು. ಅಷ್ಟೇ ಕೇಳಿದ್ದು. ಆರು ತಿಂಗಳಲ್ಲಿ ಬಡಾವಣೆ ದಾರಿಗೆ ಬಂತು. ದೊಡ್ಡ ದೊಡ್ಡ ಅಧಿಕಾರಿಗಳು ಬ್ಯಾನರು ಕಟ್ಟಿ ಮಾಡಲಾಗದ್ದನ್ನು ಈ ಹೆಂಗಸು ಒಂದು ಪ್ರಶ್ನೆಯಲ್ಲಿ ಮಾಡಿದಳು. ನನಗೆ ಅವಳ ಮೇಲೆ ಗೌರವ ಹುಟ್ಟಿದ್ದು ಅಲ್ಲಿಂದ.

ಇನ್ನೊಂದು ಕಟ್ಟಳೆಯನ್ನು ಅವಳೇ ಮಾಡಿಕೊಂಡಿದ್ದಳು. ಯಾರ ಚೀಲವನ್ನೂ ಬೀದಿಯಲ್ಲಿ ಬಿಚ್ಚುವುದಿಲ್ಲ. ಬಿಚ್ಚುವುದೇನಿದ್ದರೂ ಶೆಡ್ಡಿನೊಳಗೆ, ಒಬ್ಬಳೇ ಇದ್ದಾಗ. ಅಲ್ಲಿ ಕಂಡದ್ದು ನರಸಿಂಹಪ್ಪನ ಕಿವಿಗೂ ಬೀಳುವುದಿಲ್ಲ.

ಕಳೆದ ವರ್ಷ ಆಷಾಢದ ಒಂದು ಬುಧವಾರ, ಶೆಡ್ಡಿನಲ್ಲಿ ಒಂದು ಬಿಸ್ಕತ್ತಿನ ಪ್ಯಾಕೆಟ್ಟನ್ನು ಮಡಿಸಲು ಹಿಂಡಿದಾಗ ಅವಳ ಬಲಗೈ ಹೆಬ್ಬೆರಳಿನ ಬುಡಕ್ಕೆ ಏನೋ ಚುರುಕ್ಕೆಂದಿತು. ಗ್ಲೌಸು ಹಾಕಿದ್ದಳು. ಆದರೆ ಕೂದಲೆಳೆಯಷ್ಟು ಸಣ್ಣ ಸೂಜಿಗೆ ಗ್ಲೌಸು ಯಾವ ಲೆಕ್ಕ. ಪ್ಯಾಕೆಟ್ಟಿನೊಳಗೆ ಬೆರಳುದ್ದದ ಸಿರಿಂಜುಗಳು ನಾಲ್ಕಿದ್ದವು. ಮೂರಕ್ಕೆ ಕಿತ್ತಳೆ ಬಣ್ಣದ ಮುಚ್ಚಳವಿತ್ತು, ನಾಲ್ಕನೆಯದರ ಮುಚ್ಚಳ ಬಿಚ್ಚಿಕೊಂಡಿತ್ತು. ಗ್ಲೌಸು ತೆಗೆದರೆ ಒಂದು ಹನಿ ರಕ್ತ.

ಅವಳು ಕೈ ತೊಳೆದುಕೊಳ್ಳುತ್ತ ನಿಂತಿದ್ದಾಗ ಟ್ಯಾಂಕಿನ ನೀರು ಬಿಡಲು ಬಂದವನು ನೋಡಿದ. ಮಧ್ಯಾಹ್ನದ ಹೊತ್ತಿಗೆ ಬಡಾವಣೆಗೆಲ್ಲ ಸುದ್ದಿ. ಅಂಜಮ್ಮ ಆಗಲೇ ಆಸ್ಪತ್ರೆಯಲ್ಲಿದ್ದಳು.

"ಯಾರೋಡ ಊಸಿಮ್ಮಾ? ತೆರಿಯುಮಾ?" ಯಾರ ಸೂಜಿಯಮ್ಮಾ, ಗೊತ್ತಾ ಎಂದು ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು. ಅಂಜಮ್ಮ ತಲೆ ಅಲ್ಲಾಡಿಸಿದಳು, ಗೊತ್ತಿಲ್ಲ ಎಂದು. ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು: ಬೇರೆಯವರ ರಕ್ತ ತಾಗಿದ ಸೂಜಿಯಿಂದ ಕೆಟ್ಟ ಕಾಯಿಲೆಗಳು ಬರಬಹುದು, ಯಾರದೆಂದು ಗೊತ್ತಿಲ್ಲದಿದ್ದರೆ ಇಪ್ಪತ್ತೆಂಟು ದಿನ ಮಾತ್ರೆ ನುಂಗಬೇಕು, ಅದು ಹೊಟ್ಟೆಗೂ ತಲೆಗೂ ಹಿಂಸೆ, ಗೊತ್ತಾದರೆ ಅವರ ರಕ್ತದ ರಿಪೋರ್ಟು ನೋಡಿ, ಚೆನ್ನಾಗಿದ್ದರೆ ಮಾತ್ರೆ ಬೇಡ. ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿ, ನಾಳೆ ಮತ್ತೆ ಬಾ ಎಂದು ಕಳಿಸಿದರು.

ಅಂಜಮ್ಮ ಹೇಳಿದ್ದು ಸುಳ್ಳು. ಸೂಜಿ ಯಾರ ಮನೆಯದೆಂದು ಚುಚ್ಚಿದ ಕ್ಷಣದಲ್ಲೇ ಅವಳಿಗೆ ಗೊತ್ತಾಗಿತ್ತು. ಆ ಚೀಲದಲ್ಲಿ ಹಾಲಿನ ಕವರುಗಳನ್ನು ತೊಳೆದು, ಒಣಗಿಸಿ, ಕಾಗದ ಮಡಿಸಿದ ಹಾಗೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಹಾಗೆ ಮಡಿಸುವುದು ಮೂರನೇ ಅಡ್ಡರಸ್ತೆಯ ಮೂಲೆಮನೆಯ ಚಂದ್ರಲೇಖಾ ಒಬ್ಬಳೇ. ಬಡಾವಣೆಯಲ್ಲಿ ಅಷ್ಟು ಚೊಕ್ಕವಾಗಿ ಕಸ ಕೊಡುವವರು ಇನ್ನೊಬ್ಬರಿಲ್ಲ.

ಮಾರನೇ ದಿನ ಹನ್ನೊಂದು ಗಂಟೆಗೆ, ಗಂಡ ಶಿಫ್ಟಿಗೂ ಮಗಳು ಶಾಲೆಗೂ ಹೋಗಿದ್ದ ಹೊತ್ತು ನೋಡಿ ಅಂಜಮ್ಮ ಆ ಮನೆಯ ಮುಂದೆ ನಿಂತು, "ಒಂದ್ ಲೋಟ ನೀರ್ ಕೊಡವ್ವ" ಎಂದಳು. ಚಂದ್ರಲೇಖಾ ನೀರು ತಂದಳು. ಲೋಟ ಕೊಡುವಾಗ ಅಂಜಮ್ಮನ ಹೆಬ್ಬೆರಳನ್ನೇ ನೋಡಿದಳು. ಅವಳಿಗೂ ಸುದ್ದಿ ಮುಟ್ಟಿತ್ತಲ್ಲ.

ಅಂಜಮ್ಮ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. "ಹೆದ್ರಬ್ಯಾಡ. ಬೈಯಾಕ್ ಬಂದಿಲ್ಲ. ಸೂಜಿ ಯಾರ್ಗೆ ತಗೊಂತೀರ, ಅಷ್ಟ್ ಹೇಳು. ನನ್ ಜೀವದ್ ಮಾತು."

ಚಂದ್ರಲೇಖಾ ನೆಲದ ಮೇಲೆ ಕೂತೇಬಿಟ್ಟಳು. "ಮೇಘಶ್ರೀಗೆ ಅಂಜಕ್ಕ. ನನ್ ಮಗಳಿಗೆ."

ಹನ್ನೊಂದು ವರ್ಷದ ಹುಡುಗಿ. ಎಂಟನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಮೊದಲಿದ್ದ ಊರಿನಲ್ಲಿ ಅದು ಗೊತ್ತಾಗಿ, ಪಕ್ಕದ ಮನೆಯವಳು ತನ್ನ ಮಕ್ಕಳಿಗೆ, ಅವಳ ಹತ್ತಿರ ಆಡಬೇಡಿ, ಅಂಟಿಕೊಳ್ಳುತ್ತದೆ ಎಂದಿದ್ದಳು. ಹುಟ್ಟುಹಬ್ಬಕ್ಕೆ ಕರೆಯುವುದನ್ನು ಬಿಟ್ಟರು. ಅತ್ತೆ, ನಮ್ಮ ಕಡೆ ಯಾರಿಗೂ ಇಲ್ಲ, ಎಲ್ಲ ನಿಮ್ಮ ಕಡೆಯಿಂದಲೇ ಬಂದದ್ದು ಎಂದರು. ಹುಡುಗಿ ಒಂದು ವರ್ಷ ಕಿಟಕಿಯಲ್ಲಿ ಕೂತು ಬೀದಿ ನೋಡಿತು. ಗಂಡ ಇಲ್ಲಿ ಕೆಲಸ ಹುಡುಕಿಕೊಂಡದ್ದೇ ಅದಕ್ಕೆ. ಇಲ್ಲಿ ಶಾಲೆಯ ಟೀಚರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಇಲ್ಲಿ ಮೇಘಶ್ರೀ ದಿನಾ ಸಂಜೆ ಬೀದಿಯ ಮಕ್ಕಳ ಜೊತೆ ಶಟಲ್ ಆಡುತ್ತಾಳೆ.

"ಆಟದ್ ಮಧ್ಯ ಒಳಗ್ ಬಂದು, ಬಾಗ್ಲು ಹಾಕ್ಕೊಂಡು ಚುಚ್ಚಿಸ್ಕೊಂಡು ಹೋಗ್ತಾಳೆ ಅಂಜಕ್ಕ. ಅದೊಂದ್ ಆಟ ತಪ್ಪಿಸ್ಬೇಡಿ. ನಿಮ್ ಕಾಲಿಗ್ ಬೀಳ್ತೀನಿ."

ಅಂಜಮ್ಮನಿಗೆ ಸಿಟ್ಟು ಬಂದಿತ್ತು. ಸುಳ್ಳೇಕೆ ಹೇಳಲಿ, ಹಿಂದಿನ ದಿನವಿಡೀ ಅವಳು ಮನಸ್ಸಿನಲ್ಲೇ ಈ ಮನೆಗೆ ಶಾಪ ಹಾಕಿದ್ದಳು. ಈಗ ಆ ಸಿಟ್ಟು ಎಲ್ಲಿಗೆ ಹೋಯಿತೋ. "ಕಾಲ್ ಬ್ಯಾಡ. ಮಗೀನ ಆಸ್ಪತ್ರೆ ಫೈಲ್ ತಗೊಂಡು ನಂಜೊತೆ ಬಾ, ಸಾಕು" ಎಂದಳು.

ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಒಬ್ಬಳು ಮುಂದಿನ ಸೀಟಿನಲ್ಲಿ, ಇನ್ನೊಬ್ಬಳು ಹಿಂದಿನ ಸೀಟಿನಲ್ಲಿ, ಪರಿಚಯವೇ ಇಲ್ಲದವರ ಹಾಗೆ. ಡಾಕ್ಟರಮ್ಮ ಫೈಲು ಪೂರ್ತಿ ಓದಿ, ಮಗುವಿನ ರಕ್ತದ ರಿಪೋರ್ಟು ಚೆನ್ನಾಗಿದೆಯೆಂದು ಮಾತ್ರೆ ನಿಲ್ಲಿಸಿ, ಅಂಜಮ್ಮನ ರಕ್ತವನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಂಡರು. ಅದೂ ಮುಂದೆ ಚೆನ್ನಾಗಿಯೇ ಬಂತು. ಅಲ್ಲಿಗೆ ಅಂಜಮ್ಮನ ಮಟ್ಟಿಗೆ ವಿಷಯ ಮುಗಿಯಿತು.

ಶಶಿಕುಮಾರ್ ಮಟ್ಟಿಗೆ ಮುಗಿಯಲಿಲ್ಲ. ಶಶಿಕುಮಾರ್ ಸಂಘದ ಕಾರ್ಯದರ್ಶಿ. ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಅಂಜಮ್ಮನಿಗೆ ಗ್ಲೌಸು ತರಿಸಿಕೊಟ್ಟವನೂ ಅವನೇ. ತಮ್ಮ ಕಸ ಎತ್ತುವ ಹೆಂಗಸಿಗೆ ಯಾರೋ ಸೂಜಿ ಚುಚ್ಚಿಸಿ ಸುಮ್ಮನಿದ್ದಾರಲ್ಲ ಎಂದು ಅವನ ರಕ್ತ ಕುದಿಯುತ್ತಿತ್ತು.

"ಡಾಕ್ಟರು ಏನೂ ಇಲ್ಲ ಅಂದ್ರು ಸಾರ್, ಬಿಟ್ಬುಡಿ" ಎಂದಳು ಅಂಜಮ್ಮ.

"ಹಾಗೆ ಬಿಡೋಕಾಗಲ್ಲ ಅಂಜಕ್ಕ. ನಾಳೆ ಮತ್ತೆ ಚುಚ್ಚಿದ್ರೆ? ತಪ್ಪು ಎಲ್ಲಿಂದ ಬಂತು ಅಂತ ಗೊತ್ತಾಗ್ಬೇಕು. ಕಂಪನೀಲಿ ಒಂದು ಬೋಲ್ಟು ಕೆಟ್ಟರೆ ಯಾವ ಮಷಿನ್ನು, ಯಾವ ಶಿಫ್ಟು, ಯಾರ ಕೈ ಅಂತ ಹತ್ತು ನಿಮಿಷದಲ್ಲಿ ಹುಡುಕ್ತೀವಿ."

ಅವನಿಗೆ ಹೊಳೆದದ್ದು ನಂಬರು. ಬೋಲ್ಟಿಗೆ ನಂಬರು ಹಾಕುವವರಿಗೆ ಕಸಕ್ಕೂ ನಂಬರು ಹಾಕೋಣ ಎನಿಸಿದರೆ ಆಶ್ಚರ್ಯವೇನು. ಪ್ರತಿ ಮನೆಗೂ ಸ್ಟಿಕ್ಕರು ಅಚ್ಚಾಗಿ ಬಂತು, ಒಂದರಿಂದ ಎಪ್ಪತ್ತೆರಡು. ಚೀಲದ ಮೇಲೆ ಮನೆಯ ನಂಬರು ಅಂಟಿಸಿಯೇ ಇಡಬೇಕು. ಬುಧವಾರ, ಶನಿವಾರ ಸಂಘದ ಮೂವರು ಗಾಡಿಯ ಜೊತೆ ಬಂದು ಗೇಟಿನಲ್ಲೇ ಚೀಲ ಬಿಚ್ಚಿ ನೋಡಿ, ಪ್ಯಾಡಿನಲ್ಲಿ ಟಿಕ್ ಹಾಕುತ್ತಾರೆ. ಬಡಾವಣೆಯ ಗಂಡಸರಿಗೆ ಇದು ಬಹಳ ಸರಿಯೆನಿಸಿತು. ಎಲ್ಲರೂ ಕೈಯೆತ್ತಿದರು. ಅಂಜಮ್ಮನನ್ನು ಯಾರೂ ಕೇಳಲಿಲ್ಲ.

ಮೊದಲ ಬುಧವಾರ ಚೀಲಗಳು ಅರ್ಧಕ್ಕರ್ಧ ಸೊರಗಿದ್ದವು. ಶನಿವಾರ ಇನ್ನೂ ಸೊರಗಿದವು. ಮೂರನೇ ವಾರ ನಲವತ್ತು ಗೇಟಿನ ಮುಂದೆ ಚೀಲವೇ ಇಲ್ಲ. ಇಷ್ಟೂ ಮನೆಯವರು ಒಂದೇ ಸಲ ಸನ್ಯಾಸ ತೆಗೆದುಕೊಂಡರೋ ಎಂಬಂತೆ. ಕಸವೆಲ್ಲ ಎಲ್ಲಿಗೆ ಹೋಯಿತೆಂದರೆ, ಖಾಲಿ ಸೈಟಿಗೆ ಹೋಯಿತು, ಮೋರಿಗೆ ಹೋಯಿತು, ಹಸಿ ಕಸದ ತಳಕ್ಕೆ ಹೋಯಿತು. ಕೆಲವು ಗಂಡಸರು ಊಟದ ಬ್ಯಾಗಿನಲ್ಲಿ ಮನೆಯ ಕಸ ತುಂಬಿಕೊಂಡು ಕಂಪನಿ ಬಸ್ಸು ಹತ್ತಿ, ಕಾರ್ಖಾನೆಯ ಡಬ್ಬಗಳಲ್ಲಿ ಬಣ್ಣ ನೋಡಿ ಸರಿಯಾಗಿ ಹಾಕಿ ಬರುತ್ತಿದ್ದರು. ಗೇಟಿನಲ್ಲಿ ಚೀಲ ಬಿಚ್ಚಿದಾಗ ಎದುರುಮನೆಯವರು ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿಯ ಮೇಲೆ ನಿಲ್ಲುತ್ತಿದ್ದರು. ಯಾರ ಮನೆಯಲ್ಲಿ ಎಷ್ಟು ಬಾಟಲಿ, ಯಾರ ಸೊಸೆ ಯಾವ ಕ್ರೀಮು ಹಚ್ಚುತ್ತಾಳೆ ಎಂಬುದು ನಲ್ಲಿಯ ಹತ್ತಿರದ ಮಾತಾಯಿತು. ಅಂಜಮ್ಮ ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಮೂರು ವಾರದಲ್ಲಿ ಬೀದಿಗೆ ಚೆಲ್ಲಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ ಇಷ್ಟು ಹಾಳಾಗಬಲ್ಲದು ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸೂಜಿ ಮಾತ್ರ ಸಿಗಲಿಲ್ಲ. ಎಲ್ಲಿ ಸಿಗುತ್ತದೆ? ಚಂದ್ರಲೇಖಾ ಅವನ್ನೆಲ್ಲ ಒಂದು ಡಬ್ಬಕ್ಕೆ ಹಾಕಿ ಮಂಚದ ಕೆಳಗೆ ಇಡುತ್ತಿದ್ದಳು. ಅಂಜಮ್ಮನ ಕೈಗೆ ಕೊಡೋಣವೆಂದರೆ ಸುತ್ತ ಮೂರು ಜನ, ಪ್ಯಾಡು, ಪೆನ್ನು.

ನಾಲ್ಕನೇ ಶನಿವಾರ ಅವಳು ಗೇಟಿನ ಹತ್ತಿರ ಬಂದು, ಸಂಘದವರು ಪಕ್ಕದ ಮನೆಗೆ ಸರಿದ ಮೇಲೆ, "ಅಂಜಕ್ಕ, ನಿಮ್ ಶೆಡ್ಡಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ ಇದ್ರೆ ಏಳೆಂಟು ಕೊಡ್ತೀರಾ?" ಎಂದಳು.

ಅಂಜಮ್ಮ ಗಾಡಿಯ ಹಿಡಿ ಬಿಟ್ಟು ನಿಂತಳು. ಅಷ್ಟು ಪೆಟ್ಟಿಗೆ ಜನ ಯಾವಾಗ ಕೇಳುತ್ತಾರೆಂದು ಅವಳಿಗೆ ಗೊತ್ತು. "ಮನೆ ಖಾಲಿ ಮಾಡ್ತೀರ?"

"ಈ ತಿಂಗ್ಳು ಮುಗೀಲಿ ಅಂತಿದಾರೆ ಇವ್ರು. ಗೊತ್ತಾಗಿ ಹೋಗೋಕ್ಕಿಂತ ಮುಂಚೆ ಹೋಗೋದೇ ವಾಸಿ. ಅವಳಿಗಿನ್ನೂ ಹೇಳಿಲ್ಲ."

ಆಚೆ ಬೀದಿಯಲ್ಲಿ ಮೇಘಶ್ರೀ ಶಟಲ್ ಬ್ಯಾಟು ಹಿಡಿದು, ಲೈನು ದಾಟಿತೋ ಇಲ್ಲವೋ ಎಂದು ಗಂಟಲು ಹರಿಯುವ ಹಾಗೆ ಜಗಳವಾಡುತ್ತಿದ್ದಳು. ಅಂಜಮ್ಮ ಅದನ್ನು ನೋಡಿದಳು. "ಪೆಟ್ಗೆ ಇಲ್ಲ" ಎಂದಳು. ಶೆಡ್ಡಿನಲ್ಲಿ ಆಳೆತ್ತರ ಪೆಟ್ಟಿಗೆಗಳಿದ್ದವು.

ಮಾರನೇ ದಿನ ಭಾನುವಾರ, ಟ್ಯಾಂಕಿನ ನೆರಳಿನಲ್ಲಿ ಸಂಘದ ಸಭೆ. ಕಸ ಯಾಕೆ ಬರುತ್ತಿಲ್ಲ ಎಂಬುದೇ ಚರ್ಚೆ. ಅಂಜಮ್ಮ ಕರೆಯದೆಯೇ ಬಂದು ಎಲ್ಲರಿಗೂ ಕಾಣುವ ಹಾಗೆ ನಿಂತಳು. ಶಶಿಕುಮಾರ್ ಅವಳನ್ನು ನೋಡಿ, "ಅಂಜಕ್ಕ, ನೀವು ಚೀಲ ನೋಡಿದ್ರೆ ಮನೆ ಹೇಳ್ತೀರ ಅಂತ ಎಲ್ಲಾರೂ ಅಂತಾರೆ. ನಿಜ ಹೇಳಿ, ಆ ಸೂಜಿ ಯಾರ ಮನೇದು ಅಂತ ಗೊತ್ತಾ?" ಎಂದ.

"ಗೊತ್ತೈತೆ ಸಾರ್. ಅವತ್ತೇ ಗೊತ್ತಿತ್ತು."

ಹೆಂಗಸರ ಸಾಲಿನ ಕೊನೆಯಲ್ಲಿ ಚಂದ್ರಲೇಖಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹೇಳಿ ಮತ್ತೆ."

"ಹೇಳಾಕಿಲ್ಲ."

"ನಿಮಗೆ ತಾನೇ ಚುಚ್ಚಿದ್ದು? ನಿಮಗೋಸ್ಕರ ತಾನೇ ನಾವು ಇಷ್ಟೆಲ್ಲಾ ಒದ್ದಾಡ್ತಿರೋದು?"

"ಚುಚ್ಚಿದ್ದು ನಂಗೆ. ಅದ್ಕೇ ಹೇಳೋದು ಬಿಡೋದು ನಂದು. ಇವತ್ ಒಂದ್ ಮನೆ ಹೆಸ್ರು ಹೇಳಿದ್ರೆ ನಾಳೆ ಇನ್ನೊಂದ್ ಮನೇದ್ ಕೇಳ್ತೀರ. ಹನ್ನೊಂದ್ ವರ್ಸದಿಂದ ಈ ಕೈಗೆ ಯಾರ್ಯಾರ್ ಮನೇದು ಏನೇನ್ ಬಂದೈತೆ ಅಂತ ಒಂದ್ ಕಡೆಯಿಂದ ಹೇಳ್ಕೊಂಡ್ ಬರ್ಲಾ? ಫಸ್ಟ್ ಕ್ರಾಸಿಂದ ಶುರು ಮಾಡ್ಲಾ?"

ಯಾರೂ ತಲೆಯೆತ್ತಲಿಲ್ಲ. ಕೆಲವರಿಗೆ ತಮ್ಮ ಚಪ್ಪಲಿಯ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟಿತು. ಕೊನೆಗೆ ಬಾಯಿಬಿಟ್ಟವಳು ಪಿಳ್ಳಮ್ಮ. ಈ ಬಡಾವಣೆ ಹೊಲವಾಗಿದ್ದಾಗಿನಿಂದ ಇಲ್ಲೇ ಇರುವ ಮುದುಕಿ, ನಾಲ್ಕು ಬಾಡಿಗೆ ಮನೆಗಳ ಒಡತಿ, ಯಾರಿಗೂ ಹೆದರದವಳು. "ಬ್ಯಾಡ ಕಣಮ್ಮೀ, ಬ್ಯಾಡ! ಬಿಸ್ಲು ಏರ್ತಾ ಐತೆ, ಎಲ್ರೂ ಮನೇಗ್ ಹೋಗ್ಲಿ" ಎಂದಳು. ಸಭೆ ಗೊಳ್ಳೆಂದು ನಕ್ಕು ಉಸಿರು ಬಿಟ್ಟಿತು.

ಅಂಜಮ್ಮ ನಗಲಿಲ್ಲ. "ಸ್ಟಿಕ್ಕರ್ ಕಿತ್ತಾಕಿ. ಬೀದಿಯಾಗೆ ಚೀಲ ಬಿಚ್ಚೋದ್ ನಿಲ್ಸಿ. ಇನ್ಮ್ಯಾಕೆ ಚೀಲದಾಗೆ ಸೂಜಿ ಬರ್ದಂಗೆ ನಾನ್ ನೋಡ್ಕೊಂತೀನಿ. ಒಂದೇ ಒಂದ್ ಬಂದ್ರೂ ಶೆಡ್ಡಿನ್ ಬೀಗದ್ ಕೈ ನಿಮ್ಗೇ ಕೊಟ್ಟು ಹೋಗ್ತೀನಿ" ಎಂದಳು. ಬೇರೆ ಕೆಲಸ ಕೈಯಲ್ಲಿರದ, ಐವತ್ತೆರಡು ವರ್ಷದ ಹೆಂಗಸಿನ ಮಾತು ಅದು. ಶಶಿಕುಮಾರ್ ಆಯಿತು ಎಂದ.

ಆ ಸಂಜೆಯಿಂದ ಅಂಜಮ್ಮ ಮೆಕ್ಯಾನಿಕ್ ಅಂಗಡಿಗಳಿಗೆ ಅಲೆಯತೊಡಗಿದಳು. ಗಾಡಿ ತಯಾರಿಸುವ ಊರಿನಲ್ಲಿ ಮೆಕ್ಯಾನಿಕ್ ಅಂಗಡಿಗಳಿಗೇನು ಬರ. ಇಂಜಿನ್ ಆಯಿಲ್ ಬರುವ ಒಂದು ಲೀಟರಿನ ಖಾಲಿ ಡಬ್ಬಗಳು ಅವಳಿಗೆ ಬೇಕಿದ್ದವು: ದಪ್ಪ ಪ್ಲಾಸ್ಟಿಕ್ಕು, ಒಳಗಿನದು ಕಾಣದು, ತಿರುಗಿಸುವ ಮುಚ್ಚಳ, ಸೂಜಿ ಎಷ್ಟು ಒತ್ತಿದರೂ ತೂರದು. ಒಂದೇ ಅಳತೆ, ಒಂದೇ ಕಪ್ಪು ಬಣ್ಣದವೇ ಆಗಬೇಕೆಂದು ಹಟ ಹಿಡಿದು, ಹತ್ತು ದಿನ ತಿರುಗಿ ಒಟ್ಟುಮಾಡಿದಳು. ಶೆಡ್ಡಿನ ಮುಂದೆ ಬಿಸಿನೀರು, ಸೋಪಿನ ಪುಡಿ, ಬ್ರಷ್ಷು ಇಟ್ಟುಕೊಂಡು ಜಿಡ್ಡು ತಿಕ್ಕುತ್ತ ಕೂತಿದ್ದಾಗ ಶಶಿಕುಮಾರ್ ಬಂದು ನೋಡಿದ. ರಾಶಿ ನೋಡಿ ದಂಗಾದ.

"ಬೇಕಾಗಿರೋದು ಒಂದು ಮನೆಗೆ ತಾನೇ ಅಂಜಕ್ಕ? ಎಪ್ಪತ್ತೆರಡು ಯಾಕೆ?"

"ಒಂದ್ ಮನೆ ಬಾಗ್ಲಾಗೆ ಒಂದೇ ಡಬ್ಬ ಇಟ್ರೆ ಅದೂ ಸ್ಟಿಕ್ಕರ್ರೇ ಅಲ್ವಾ ಸಾರ್."

ಶಶಿಕುಮಾರ್ ಪ್ಯಾಂಟು ಮಡಿಸಿಕೊಂಡು ಇನ್ನೊಂದು ಬ್ರಷ್ಷು ಕೈಗೆತ್ತಿಕೊಂಡ.

ಅಂಜಮ್ಮ ಎಪ್ಪತ್ತೆರಡು ಗೇಟಿಗೂ ಹೋಗಿ, ಎಲ್ಲ ಕಡೆ ಅದೇ ಮಾತು ಹೇಳಿ ಡಬ್ಬ ಕೊಟ್ಟಳು. ಸೂಜಿ, ಬ್ಲೇಡು ಏನಿದ್ದರೂ ಇದರೊಳಗೆ. ತಿಂಗಳ ಕೊನೆಯ ಶನಿವಾರ ಮುಚ್ಚಳ ಬಿಗಿದು ಗೇಟಿನ ಹೊರಗಿಡಬೇಕು. ಏನೂ ಇಲ್ಲದವರು ಖಾಲಿ ಡಬ್ಬವನ್ನೇ ಇಡಬೇಕು. ಇಡದೆ ಯಾರೂ ಇರಬಾರದು. ಸೂಜಿಯೆಲ್ಲ ಆಸ್ಪತ್ರೆಗೆ ಹೋಗುತ್ತದೆ, ತೊಳೆದ ಡಬ್ಬ ವಾಪಸ್ಸು ಬರುತ್ತದೆ. ಮೂಲೆಮನೆಯ ಗೇಟಿನಲ್ಲೂ ಅಷ್ಟನ್ನೇ ಹೇಳಿ, ದನಿ ತಗ್ಗಿಸಿ, "ಈ ತಿಂಗ್ಳು ಎಲ್ಲೂ ಹೋಗ್ಬ್ಯಾಡ. ನನ್ ಮಾತ್ ಕೇಳು" ಎಂದಳು. ಚಂದ್ರಲೇಖಾ ಡಬ್ಬ ತೆಗೆದುಕೊಂಡು ಒಳಗೆ ಹೋದಳು.

ಅದಾಗಿ ನಾಲ್ಕು ದಿನಕ್ಕೆ ಪಿಳ್ಳಮ್ಮ ಶೆಡ್ಡಿಗೆ ಬಂದಳು. ಆಚೀಚೆ ನೋಡಿ, ಪೇಪರಿನ ಮೂಟೆಯ ಮೇಲೆ ಕೂತು, "ಅಮ್ಮೀ, ನಿನ್ ಕೈಗ್ ಚುಚ್ಚಿದ್ದು ನಂದೇ ಅಲ್ವೇನೇ?" ಎಂದಳು.

ಅಂಜಮ್ಮ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಳು. "ನೀನೂ ಸೂಜಿ ತಗೊಂತೀಯ?"

"ಆರ್ ವರ್ಸಾತು. ನನ್ ಸೊಸೇರ್ಗೂ ಗೊತ್ತಿಲ್ಲ. ಬೇಲಿ ಬುಡದಾಗೆ ಹೂತಾಕ್ತಿದ್ದೆ. ಅವತ್ತೊಂದಿನ ಮಳೆ ಅಂತ ಚೀಲಕ್ಕಾಕ್ಬುಟ್ಟೆ. ತಪ್ಪಾತು ಕಣಮ್ಮಿ."

"ನಿಂದಲ್ಲ ಕಣಜ್ಜಿ" ಎಂದಳು ಅಂಜಮ್ಮ. ಮುದುಕಿ ನಂಬಲಿಲ್ಲ. ಹೊಟ್ಟೆಗೆ ಹಾಕಿಕೊಂಡು ಸುಳ್ಳು ಹೇಳುತ್ತಿದ್ದಾಳೆಂದು ಅವಳ ಗಲ್ಲ ಸವರಿ ಹೋದಳು. ಆ ವಾರದಲ್ಲೇ ಇನ್ನಿಬ್ಬರು ಬಂದರು, ಒಬ್ಬೊಬ್ಬರಾಗಿ, ಅದೇ ಕಳ್ಳಹೆಜ್ಜೆಯಲ್ಲಿ. ಇಬ್ಬರದೂ ಅದೇ ಮಾತು: ಚುಚ್ಚಿದ್ದು ನಮ್ಮದೇ, ಕ್ಷಮಿಸು. ಎಪ್ಪತ್ತೆರಡು ಮನೆಯೂ ತನಗೆ ಗೊತ್ತು ಎಂದುಕೊಂಡಿದ್ದ ಅಂಜಮ್ಮನ ಲೆಕ್ಕ ತಪ್ಪಿತ್ತು. ಅವಳ ಹೆಮ್ಮೆ ಮುರಿದಿತ್ತು. ಆದರೆ ಮನಸ್ಸು ಬಹಳ ಹಗುರವಾಗಿತ್ತು.

ಕೊನೆಯ ಶನಿವಾರ ಬಂತು. ಎಲ್ಲ ಗೇಟಿನ ಮುಂದೆ ಚೀಲವಿತ್ತು, ಚೀಲದ ಪಕ್ಕದಲ್ಲಿ ಕಪ್ಪು ಡಬ್ಬವಿತ್ತು. ಅಂಜಮ್ಮ ಒಂದೊಂದನ್ನೇ ಎತ್ತಿ ಗಾಡಿಯ ಮುಂದಿನ ಗೋಣಿಗೆ ಹಾಕಿದಳು. ಹೆಚ್ಚಿನವು ಖಾಲಿ. ಮೊದಲನೇ ಅಡ್ಡರಸ್ತೆಯಲ್ಲಿ ನಾಲ್ಕು ಡಬ್ಬ ಸದ್ದು ಮಾಡಿದವು, ಎರಡನೆಯದರಲ್ಲಿ ಐದು. ಶಶಿಕುಮಾರ್ ತನ್ನದನ್ನು ಗೇಟಿನಲ್ಲಿಡದೆ ತಾನೇ ಕೈಯಲ್ಲಿ ಹಿಡಿದು ತಂದ. ಅದೂ ಸದ್ದು ಮಾಡಿತು. "ಅಪ್ಪಂದು. ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ಕಂಪನಿಯ ಫಸ್ಟ್ ಏಡ್ ರೂಮಲ್ಲಿ ಹಾಕ್ತಿದ್ದೆ. ಮನೇಲಿ ಯಾರಿಗೂ ಹೇಳ್ಬೇಡ ಅಂದಿದ್ರು" ಎಂದು ನೆಲ ನೋಡಿಕೊಂಡು ಹೇಳಿದ. ಅಂಜಮ್ಮ ಡಬ್ಬ ತೆಗೆದುಕೊಂಡು, "ಆಯ್ತು ಬುಡಿ ಸಾರ್" ಎಂದಳು.

ಗಾಡಿ ಮೂರನೇ ಅಡ್ಡರಸ್ತೆಗೆ ತಿರುಗಿದಾಗ ಚಂದ್ರಲೇಖಾ ಗೇಟಿನಲ್ಲೇ ನಿಂತಿದ್ದಳು, ಡಬ್ಬವನ್ನು ಸೆರಗಿನಲ್ಲಿ ಮುಚ್ಚಿಕೊಂಡು. ರಸ್ತೆಯ ಗುಂಡಿಗಳಲ್ಲಿ ಗಾಡಿ ಎದ್ದು ಬಿದ್ದಾಗಲೆಲ್ಲ ಗೋಣಿಯೊಳಗಿಂದ ಚರಚರ ಸದ್ದು. ಅವಳು ಅದನ್ನೇ ಕೇಳಿಸಿಕೊಳ್ಳುತ್ತಿದ್ದಳು. ಗಾಡಿ ಹತ್ತಿರ ಬಂದು ನಿಂತಿತು.

"ಅಂಜಕ್ಕ, ನಿಜ ಹೇಳಿ. ನಂಗೆ ಸಮಾಧಾನ ಆಗ್ಲಿ ಅಂತ ಡಬ್ಬಕ್ಕೆ ಕಲ್ಲು ತುಂಬ್ಕೊಂಡ್ ಬಂದಿದೀರ?"

"ಕಲ್ಲಿನ್ ಸದ್ದು ಹಿಂಗಿರ್ತದಾ?" ಎಂದಳು ಅಂಜಮ್ಮ, ಗಾಡಿಯನ್ನು ಒಮ್ಮೆ ಅಲುಗಿಸಿ.

ಹಾಗಿರುವುದಿಲ್ಲ. ಸಣ್ಣ ಪ್ಲಾಸ್ಟಿಕ್ ಸಿರಿಂಜುಗಳು ಒಂದಕ್ಕೊಂದು ತಾಗುವ ಸದ್ದು ಚಂದ್ರಲೇಖಾಗೆ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತು. ಮೂರು ವರ್ಷ ದಿನಕ್ಕೆ ನಾಲ್ಕು ಸಲ ಕೇಳಿದ ಸದ್ದದು. ಅವಳು ಹಗಲು ಬೆಳಕಿನಲ್ಲಿ, ನಡುಬೀದಿಯಲ್ಲಿ, ಮುಖ ಕೂಡ ಮುಚ್ಚಿಕೊಳ್ಳದೆ ಅತ್ತಳು. ಹಿಂದಿನಿಂದ ಬಂದ ಮೇಘಶ್ರೀ ಅಮ್ಮನ ಸೆರಗಿನಿಂದ ಡಬ್ಬ ಎಳೆದುಕೊಂಡು ಗೋಣಿಗೆ ಹಾಕಿ, ಒಳಗೆ ಇಣುಕಿದಳು.

"ಇವೆಲ್ಲಾ ನನ್ ಥರದೋರ್ದಾ? ಎಷ್ಟ್ ಜನ?"

"ನಿನ್ನೂ ಸೇರ್ಸಿ ಇಲ್ಲೀಗಂಟ ಹನ್ನೊಂದು. ಇನ್ನೊಂದ್ ಬೀದಿ ಐತೆ, ಇರು" ಎಂದು ಅಂಜಮ್ಮ ಗಾಡಿ ತಳ್ಳಿದಳು. ಮುಗಿಸಿ ವಾಪಸ್ಸು ಬಂದು ಗೇಟಿನಲ್ಲಿ ಕೂಗಿ ಹೇಳಿದಳು, ಹದಿಮೂರು ಎಂದು. ಹೆಸರು ಹುಡುಗಿ ಕೇಳಲಿಲ್ಲ.

ಸಂಜೆ ಶೆಡ್ಡಿಗೆ ಬೀಗ ಹಾಕಿ ಮನೆಗೆ ಹೊರಟಾಗ ಮೂರನೇ ಅಡ್ಡರಸ್ತೆಯಲ್ಲಿ ಆಟ ನಡೆಯುತ್ತಿತ್ತು. ಮೇಘಶ್ರೀ ಬ್ಯಾಟು ಗೋಡೆಗೆ ಒರಗಿಸಿ, ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು, ಅಂಗಿಯ ಅಂಚು ಎತ್ತಿ ಹೊಟ್ಟೆಗೆ ಚುಚ್ಚಿಕೊಂಡಳು. ಬಾಗಿಲು ತೆರೆದೇ ಇತ್ತು. ಆಟ ನಿಲ್ಲಿಸಿ ಸುತ್ತ ನಿಂತ ಮಕ್ಕಳಲ್ಲಿ ಒಂದು ಹುಡುಗಿ ಮುಖ ಹಿಂಡಿಕೊಂಡು, "ನೋವಾಗಲ್ವೇನೇ?" ಎಂದು ಕೇಳಿತು.

"ಆಗ್ತದೆ" ಎಂದಳು ಮೇಘಶ್ರೀ, ಏಳುತ್ತ. "ಈಗ ಸರ್ವಿಸ್ ಯಾರ್ದು?"